ಹವಳದ ಟ್ಯಾಂಕ್‌ಗೆ ಲೈಟ್ ಕಟ್ಟುವಾಗ ಕಣ್ಣನ್ನು ನಂಬಬೇಡಿ

ದಾವಣಗೆರೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟವರು ಹೆಚ್ಚಿಲ್ಲ. ಸಮುದ್ರ ನೋಡಬೇಕೆಂದರೆ ನಾವು ಘಟ್ಟ ಇಳಿಯಬೇಕು. ಆದರೆ ಇಟ್ಟವರು ಮಾತ್ರ ಜೀವ ಕೊಟ್ಟು ನೋಡಿಕೊಳ್ಳುತ್ತಾರೆ. ನನ್ನ ದಿನದ ಕೆಲಸ ಅಂಗಡಿ ಬೋರ್ಡು, ಶೋಕೇಸ್‌ಗಳಿಗೆ ಎಲ್‌ಇಡಿ ಕೂರಿಸುವುದು. ಅದರ ಜೊತೆಗೆ ಇಲ್ಲಿ ಮತ್ತು ಚಿತ್ರದುರ್ಗದಲ್ಲಿ ಕೆಲವು ಮನೆಗಳ ಹವಳದ ಟ್ಯಾಂಕ್‌ಗೆ ಲೈಟ್ ಮಾಡಿಕೊಡುತ್ತೇನೆ. ಈ ಕೆಲಸ ಕಲಿಯಲು ಬರುವ ಹುಡುಗರು ಮೊದಲು ಕೇಳುವುದೇ, "ಅಣ್ಣಾ, ಎಷ್ಟು ವಾಟ್ ಹಾಕಬೇಕು?" ಅಂತ. ನಾನು ಹೇಳುವುದು ಇಷ್ಟೇ: ವಾಟ್ ಆಮೇಲೆ, ಮೊದಲು ಒಳಗೆ ಯಾವ ಹವಳ ಇದೆ, ಎಷ್ಟು ಆಳದಲ್ಲಿ ಕೂತಿದೆ ನೋಡು.

ಹವಳ ಒಂದು ಪ್ರಾಣಿ. ಆದರೆ ಅಕ್ವೇರಿಯಂನಲ್ಲಿ ಇಡುವ ಬಹುಪಾಲು ಹವಳಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಬೆಳಕು ಬೇಕಾಗಿರುವುದು ಆ ಪಾಚಿಗೆ. ಅದು ಬೆಳಕಿನಲ್ಲಿ ಆಹಾರ ಮಾಡುತ್ತದೆ, ಅದರಲ್ಲಿ ದೊಡ್ಡ ಪಾಲು ಹವಳಕ್ಕೆ ಸಿಗುತ್ತದೆ. ಸಮುದ್ರದಲ್ಲಿ ಕೆಂಪು ಬೆಳಕು ಮೇಲೆಮೇಲೆಯೇ ಕರಗಿ ಹೋಗುತ್ತದೆ, ನೀಲಿ ಆಳಕ್ಕೆ ಇಳಿಯುತ್ತದೆ. ಅದಕ್ಕೇ ನಾವು ಕಟ್ಟುವ ಲೈಟಿನಲ್ಲಿ 450 ನ್ಯಾನೋಮೀಟರ್ (ಬೆಳಕಿನ ಅಲೆಯ ಉದ್ದ, ಬಣ್ಣ ಗುರುತಿಸುವುದು ಇದರಿಂದಲೇ) ಸುತ್ತಮುತ್ತಲಿನ ರಾಯಲ್ ಬ್ಲೂ ಜಾಸ್ತಿ. 420ರ ನೇರಳೆ ಸ್ವಲ್ಪ, ಬಿಳಿ ಇನ್ನೂ ಸ್ವಲ್ಪ.

ಮನುಷ್ಯರ ಕಣ್ಣು ಮೋಸ ಹೋಗುವುದು ಇಲ್ಲಿಯೇ. ನಮ್ಮ ಕಣ್ಣು ಚೆನ್ನಾಗಿ ಹಿಡಿಯುವುದು 555 ನ್ಯಾನೋಮೀಟರಿನ ಹಸಿರನ್ನು. 450ರ ನೀಲಿ ನಮಗೆ ಅದರ ಸುಮಾರು 25ರಲ್ಲಿ ಒಂದು ಪಾಲಿನಷ್ಟು ಮಾತ್ರ ಕಾಣುತ್ತದೆ. ಹವಳಕ್ಕೆ ಸಾಕು ಸಾಕಾಗುವಷ್ಟು ಬೆಳಕು ಬೀಳುತ್ತಿದ್ದರೂ ನಮಗೆ ಮಬ್ಬು ಅನ್ನಿಸುತ್ತದೆ. ಲಕ್ಸ್ ಮೀಟರ್ ಕೂಡ ನಮ್ಮ ಕಣ್ಣಿನ ಲೆಕ್ಕದಲ್ಲೇ ಅಳೆಯುವುದರಿಂದ ನೀಲಿ ಲೈಟಿನ ಕೆಳಗೆ ಅದೂ ಕಡಿಮೆ ತೋರಿಸುತ್ತದೆ.

ಪಿ.ಜೆ. ಬಡಾವಣೆಯ ಒಂದು ಮನೆಯಲ್ಲಿ ಲೈಟ್ ಹಚ್ಚಿದ ಕೂಡಲೇ ಆ ಮನೆಯ ಅಮ್ಮ, "ಇದೇನಪ್ಪಾ, ಇಷ್ಟು ದುಡ್ಡು ಕೊಟ್ಟು ಇಷ್ಟೇನಾ ಬೆಳಕು? ಇನ್ನೊಂಚೂರು ಜಾಸ್ತಿ ಮಾಡು" ಅಂದರು. ಅವರ ಮಾತಿನಲ್ಲಿ ತಪ್ಪಿಲ್ಲ, ಕಂಡದ್ದನ್ನೇ ಹೇಳಿದರು. ವಾದ ಮಾಡುವ ಬದಲು, ಪಾಚಿಗೆ ಸಿಗುವ ಬೆಳಕನ್ನು ಅಳೆಯುವ ಪಾರ್ ಮೀಟರಿನ ಸೆನ್ಸರನ್ನು ನೀರಿಗೆ ಇಳಿಸಿದೆ. "ಅಮ್ಮಾ, ಈ ನಂಬರ್ ನೋಡ್ರಿ" ಅಂತ ತೋರಿಸಿದೆ. ಬಿಳಿ ಲೈಟ್ ಪೂರ್ತಿ ಆರಿಸಿ ನೀಲಿ ಮಾತ್ರ ಬಿಟ್ಟೆ. ಕೋಣೆ ಕತ್ತಲಾದಂತಾಯಿತು. ಮೀಟರಿನ ಅಂಕೆ ಮಾತ್ರ ಸ್ವಲ್ಪವೇ ಇಳಿಯಿತು. ಆಮೇಲೆ ಅವರು ಜಾಸ್ತಿ ಮಾಡು ಅನ್ನಲಿಲ್ಲ, ಯಾವ ಕಲ್ಲಿನ ಮೇಲೆ ಎಷ್ಟು ಬರುತ್ತದೆ ಎಂದು ತಾವೇ ಕೇಳಿ ಬರೆದುಕೊಂಡರು. ಗಿರಾಕಿಗೆ ಬಾಯಲ್ಲಿ ವಿವರಿಸುವುದಕ್ಕಿಂತ ಮೀಟರ್ ಕೈಗೆ ಕೊಡುವುದು ಎಷ್ಟೋ ಒಳ್ಳೆಯದು.

ಪಾರ್ ಅಂದರೆ 400ರಿಂದ 700 ನ್ಯಾನೋಮೀಟರ್ ನಡುವಿನ ಬೆಳಕು, ಪಾಚಿಗೂ ಗಿಡಕ್ಕೂ ಕೆಲಸಕ್ಕೆ ಬರುವ ಬೆಳಕು. ಮಶ್ರೂಮ್, ಝೋವಾ, ಲೆದರ್ ತರಹದ ಮೆತ್ತನೆಯ ಹವಳಗಳಿಗೆ ನಾನು ಪಾರ್ ಅಂಕೆಯನ್ನು 50ರಿಂದ 150ರ ಒಳಗೆ ನಿಲ್ಲಿಸುತ್ತೇನೆ. ಮಶ್ರೂಮ್ ಕೆಳಗೆ, ನೆರಳಿನ ಕಡೆಗೆ. ಲೆದರ್ ಮೇಲೆ. ಒಂದೇ ಟ್ಯಾಂಕಿನಲ್ಲಿ ಮರಳಿನ ಹತ್ತಿರ 60, ಕಲ್ಲಿನ ತುದಿಯಲ್ಲಿ 180 ಬರುವುದು ಮಾಮೂಲು. ಅದನ್ನು ಒಂದೇ ಮಟ್ಟಕ್ಕೆ ತರಲು ಒದ್ದಾಡಬೇಡಿ, ಹವಳವನ್ನು ಜಾಗ ಬದಲಿಸಿ ಕೂರಿಸಿ. ಮೀಟರ್ ದುಬಾರಿ, ನಿಜ. ಆದರೂ ಈ ಕೆಲಸಕ್ಕೆ ಅದಿಲ್ಲದೆ ಕೈ ಹಾಕುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸೆನ್ಸರ್ ನೀರೊಳಗೆ ಇರುವಾಗ ಕಂಪನಿ ಹೇಳಿದ ತಿದ್ದುಪಡಿ ಅಂಕೆಯಿಂದ ಗುಣಿಸುವುದನ್ನು ಮರೆಯಬೇಡಿ.

ಇನ್ನು ಕಟ್ಟುವ ವಿಷಯ. 3 ವಾಟಿನ ನೀಲಿ ಎಲ್‌ಇಡಿ ಒಂದಕ್ಕೆ ಸುಮಾರು 3.3 ವೋಲ್ಟ್ ಬೇಕು. 12 ಎಲ್‌ಇಡಿ ಸೀರೀಸ್‌ನಲ್ಲಿ ಕೊಟ್ಟರೆ 40 ವೋಲ್ಟ್ ಹತ್ತಿರ ಆಗುತ್ತದೆ, ಅದಕ್ಕೆ 48 ವೋಲ್ಟ್ ಸಪ್ಲೈ ಹಾಕುತ್ತೇನೆ. ಎಲ್‌ಇಡಿಗೆ ಕರೆಂಟ್ ಹರಿಸುವ ಡ್ರೈವರ್ ಮಾತ್ರ ಕಡ್ಡಾಯವಾಗಿ, ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಕಾನ್‌ಸ್ಟಂಟ್ ಕರೆಂಟಿನದು. ಎಲ್‌ಇಡಿ ಬಿಸಿಯಾದಷ್ಟೂ ಅದಕ್ಕೆ ಬೇಕಾದ ವೋಲ್ಟೇಜ್ ಇಳಿಯುತ್ತದೆ. ಬರೀ ವೋಲ್ಟೇಜ್ ಸಪ್ಲೈ ಕೊಟ್ಟರೆ ಕರೆಂಟ್ ಏರುತ್ತಾ ಹೋಗಿ, ಇನ್ನೂ ಬಿಸಿಯಾಗಿ, ಕೊನೆಗೆ ಸುಟ್ಟುಹೋಗುತ್ತದೆ. ನೀಲಿ, ನೇರಳೆ, ಬಿಳಿ ಮೂರಕ್ಕೂ ಬೇರೆ ಬೇರೆ ಡ್ರೈವರ್ ಇರಲಿ, ಇಲ್ಲದಿದ್ದರೆ ಮುಂದೆ ಹೊಂದಿಸಲು ಆಗುವುದಿಲ್ಲ. ಮೇಲಿನ ಅಲ್ಯೂಮಿನಿಯಂ ಚೌಕಟ್ಟನ್ನು ಸ್ಲೈಡಿಂಗ್ ಕಿಟಕಿ ಮಾಡುವ ಅಂಗಡಿಯಲ್ಲೇ ಮಾಡಿಸುತ್ತೇನೆ. ಕೆಳಗೆ ಅಕ್ರಿಲಿಕ್ ಹಾಳೆ ಬೇಕೇ ಬೇಕು, ಉಪ್ಪು ನೀರು ಸಿಡಿದರೆ ಬೆಸುಗೆ ಹಾಕಿದ ಜಾಗ ಹಸಿರಾಗಿ ಕಿತ್ತು ಬರುತ್ತದೆ. ಪ್ಲಗ್ಗಿಗೆ ಹೋಗುವ ವೈರು ಒಮ್ಮೆ ಕೆಳಗೆ ಜೋತು ಬಿದ್ದು ಮೇಲೇರಲಿ. ವೈರು ಹಿಡಿದು ಬಂದ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್‌ಗೆ ಹೋಗುವುದಿಲ್ಲ. ಕರೆಂಟ್ ಸೋರಿದ ಕೂಡಲೇ ಸಪ್ಲೈ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಮೊದಲು ಅದನ್ನು ಹಾಕಿಸಿ, ಆಮೇಲೆ ಲೈಟ್.

ಒಂದು ವಿಷಯ ಮಾತ್ರ ಒತ್ತಿ ಹೇಳಬೇಕು. ಈ ಕೆಲಸಕ್ಕೆ ಬಳಸುವ ಹಲವು ಡ್ರೈವರ್‌ಗಳಲ್ಲಿ ಬೆಳಕು ಹೆಚ್ಚು ಕಡಿಮೆ ಮಾಡುವ ಡಿಮ್ಮಿಂಗ್ ವೈರು ಕಿತ್ತುಬಂದರೆ ಲೈಟ್ ಆರುವುದಿಲ್ಲ, ಪೂರ್ತಿ ಉರಿಯುತ್ತದೆ. ಕರೆಂಟ್ ಬಂದು, ಲೈಟಿನ ಸಮಯ ಮತ್ತು ಮಟ್ಟ ನೋಡಿಕೊಳ್ಳುವ ಕಂಟ್ರೋಲರ್ ಎಚ್ಚರವಾಗುವ ತನಕದ ಕ್ಷಣಗಳಲ್ಲೂ ಹೀಗಾಗಬಹುದು. ವೈರು ಕಿತ್ತಿದ್ದು ಯಾರಿಗೂ ಗೊತ್ತಾಗದೆ ಮನೆಯವರು ಊರಿಗೆ ಹೋದರೆ ಹವಳದ ಗತಿ ಏನು? ಡಿಮ್ಮಿಂಗ್ ವೈರಿನಿಂದ ನೆಗೆಟಿವ್‌ಗೆ ಡ್ರೈವರ್ ಹತ್ತಿರವೇ ಒಂದು ರೆಸಿಸ್ಟರ್ ಬೆಸೆದರೆ ಸಾಕು, ಸಿಗ್ನಲ್ ಇಲ್ಲದಾಗ ಲೈಟ್ ಆರಿಯೇ ಇರುತ್ತದೆ. ವೈರು ಕಿತ್ತು ಪರೀಕ್ಷೆ ಮಾಡಿಯೇ ಮನೆಯವರಿಗೆ ಒಪ್ಪಿಸಿ. ಬೆಸ್ಕಾಂ ಕರೆಂಟ್ ಹೋಗಿ ಬರುವುದು ನಮಗೆ ಹೊಸದಲ್ಲ ಅಲ್ವಾ? ಅದಕ್ಕಾಗಿ ಗುಂಡಿ ಸೆಲ್ ಇರುವ ಗಡಿಯಾರದ ಚಿಪ್ಪೂ ಕಂಟ್ರೋಲರ್‌ಗೆ ಸೇರಿಸಿ, ಇಲ್ಲದಿದ್ದರೆ ಮಧ್ಯರಾತ್ರಿಯೇ ಮಧ್ಯಾಹ್ನ ಆಗುತ್ತದೆ. ಇನ್‌ವರ್ಟರ್‌ಗೆ ಲೈಟ್ ಕೊಡಬೇಡಿ, ನೀರು ತಿರುಗಿಸುವ ಪಂಪ್ ಕೊಡಿ.

ಹೊಂದಿಸುವುದೇ ನಿಜವಾದ ಕೆಲಸ, ಅದಕ್ಕೆ ತಾಳ್ಮೆ ಬೇಕು. ಹೊಸ ಲೈಟನ್ನು ಬೇಕಾದ ಮಟ್ಟದ ಅರ್ಧದಲ್ಲಿ ಶುರು ಮಾಡಿ, ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸುತ್ತೇನೆ. ಬೆಳಕು ಒಮ್ಮೆಲೇ ಜಾಸ್ತಿಯಾದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ನೀರೂ ಬಿಸಿಯಾಗಿದ್ದರೆ ಇನ್ನೂ ಬೇಗ. ನಮ್ಮ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಟ್ಯಾಂಕ್ ನೀರನ್ನು 26 ಡಿಗ್ರಿ ಹತ್ತಿರ ಹಿಡಿದಿಡುವುದೇ ಕಷ್ಟ. ಹಾಗಾಗಿ ಬೇಸಿಗೆಯಲ್ಲಿ ಲೈಟ್ ಸಮಯವನ್ನು ಮಧ್ಯಾಹ್ನ 3ರಿಂದ ರಾತ್ರಿ 11ಕ್ಕೆ ತಳ್ಳುತ್ತೇನೆ. ಮನೆಯವರು ಕೂತು ನೋಡುವುದೂ ಆಗಲೇ. ಝೋವಾ ಕುತ್ತಿಗೆ ಉದ್ದ ಮಾಡಿ ಮೇಲಕ್ಕೆ ಚಾಚುತ್ತಿದ್ದರೆ ಬೆಳಕು ಸಾಲದು. ಮಶ್ರೂಮ್ ಮುದುಡಿ ಬಣ್ಣ ಕಳೆದುಕೊಳ್ಳುತ್ತಿದ್ದರೆ ಜಾಸ್ತಿಯಾಗಿದೆ. ಈ ಗುರುತು ಕಾಣಲು ದಿನಗಳೇ ಬೇಕು. ಸಂಜೆ ತಿರುಗಿಸಿದ್ದನ್ನು ಮಾರನೇ ಬೆಳಿಗ್ಗೆ ಮತ್ತೆ ತಿರುಗಿಸಿದರೆ ಯಾವುದರಿಂದ ಏನಾಯಿತು ಎಂದೇ ತಿಳಿಯುವುದಿಲ್ಲ.

ಹವಳ ಎಲ್ಲಿಂದ ಬಂತು ಎಂದೂ ಕೇಳುತ್ತೇನೆ. ನಮ್ಮ ಸಮುದ್ರದ ಕಲ್ಲುಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅವನ್ನು ಕಿತ್ತು ತಂದಿಟ್ಟ ಟ್ಯಾಂಕಿಗೆ ನಾನು ಲೈಟ್ ಕಟ್ಟುವುದಿಲ್ಲ.

ಈಗ ಕೊಟೇಶನ್‌ನಲ್ಲೇ ಎರಡನೇ ಭೇಟಿಯ ದುಡ್ಡು ಸೇರಿಸುತ್ತೇನೆ. ಒಂದೆರಡು ತಿಂಗಳಲ್ಲಿ ಅಕ್ರಿಲಿಕ್ ಮೇಲೆ ಉಪ್ಪು ಕಟ್ಟಿ ಬೆಳಕು ಇಳಿದಿರುತ್ತದೆ, ಕಲ್ಲುಗಳ ಜಾಗ ಬದಲಾಗಿರುತ್ತದೆ, ಹೊಸ ಹವಳ ಬಂದಿರುತ್ತದೆ. ಮೊದಲು ಹಾಳೆ ಒರೆಸಿ, ಆಮೇಲೆ ಅದೇ ಜಾಗಗಳಲ್ಲಿ ಮತ್ತೆ ಅಳೆಯುತ್ತೇನೆ. ಲೈಟಿನ ಎತ್ತರ, ಮೂರು ಬಣ್ಣದ ಶೇಕಡಾ, ಪಾರ್ ಅಂಕೆ, ತಾರೀಕು ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದು ಸ್ಟ್ಯಾಂಡಿನ ಬಾಗಿಲ ಒಳಗೆ ಅಂಟಿಸುತ್ತೇನೆ. ಮುಂದೆ ರಿಪೇರಿಗೆ ಬೇರೆ ಯಾರೇ ಬಂದರೂ ಅವರಿಗೆ ಎಲ್ಲಿಗೆ ತಂದು ನಿಲ್ಲಿಸಬೇಕು ಎಂಬುದು ಅದರಲ್ಲೇ ಸಿಗುತ್ತದೆ.