ಶನಿವಾರದ ಓದಿನ ಬಳಗ: ಜೂನ್‌ನಿಂದ ನವೆಂಬರ್‌ವರೆಗೆ

ನಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಮಕ್ಕಳ ಓದಿನ ಬಳಗ ಆರಂಭವಾಗಿ ಈ ವಾರಕ್ಕೆ ಆರು ತಿಂಗಳು ತುಂಬಿತು. 2020ರ ‘ಓದುವ ಬೆಳಕು’ ಅಭಿಯಾನದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆತಾಗಲೇ ಊರಿನ ಬಹಳಷ್ಟು ಹೆಸರುಗಳು ವಹಿ ಸೇರಿದ್ದವು. ಪುಸ್ತಕಗಳು ಮಾತ್ರ ಬೀಗ ಹಾಕಿದ ಬೀರುವಿನಲ್ಲಿಯೇ ಉಳಿದಿದ್ದವು. ಹರಿದರೂ ಕಳೆದರೂ ಲೆಕ್ಕ ಒಪ್ಪಿಸಬೇಕಾದವರು ಮೇಲ್ವಿಚಾರಕರಾದ್ದರಿಂದ ಅವರ ಅಂಜಿಕೆಯನ್ನು ನಾನು ತಪ್ಪೆನ್ನಲಾರೆ. ಅವರೊಡನೆ ಕುಳಿತು ಮಾತಾಡಿ, 60 ಪುಸ್ತಕಗಳನ್ನು ಮಕ್ಕಳ ಎದೆಮಟ್ಟದಲ್ಲಿ ಕಟ್ಟಿದ ಹಗ್ಗಕ್ಕೆ ತೂಗುಹಾಕಿದೆವು, ಎರವಲು ವಹಿಯನ್ನು ಮಕ್ಕಳ ಕೈಗೇ ಕೊಟ್ಟೆವು. ಇಲ್ಲಿಯವರೆಗೆ ಕಳೆದಿರುವುದು 2. ಹರಿದವನ್ನು ಮಕ್ಕಳೇ ಗೋಂದು ಹಚ್ಚಿ ಸರಿಪಡಿಸಿದ್ದಾರೆ.

ಮೊದಲ ಎರಡು ತಿಂಗಳು ನಾನು ಒಂದು ತಪ್ಪು ಮಾಡಿದೆ. ಪ್ರತಿ ಕಥೆ ಮುಗಿದ ಕೂಡಲೇ ‘ಇದರಿಂದ ಏನು ಕಲಿತಿರಿ?’ ಎಂದು ಕೇಳುತ್ತಿದ್ದೆ. ಪ್ರಶ್ನೆ ಬಂತೆಂದರೆ ಮಕ್ಕಳ ಮುಖ ಬಾಡುತ್ತಿತ್ತು, ಶಾಲೆಯೇ ಮಧ್ಯಾಹ್ನಕ್ಕೂ ಮುಂದುವರಿದಂತಾಗುತ್ತಿತ್ತು. ಆಗಸ್ಟ್‌ನಿಂದ ಆ ಪ್ರಶ್ನೆಯನ್ನು ಬಿಟ್ಟೆ. ಈಗ ಕಥೆ ಮುಗಿದ ಮೇಲೆ ಸುಮ್ಮನೆ ಕುಳಿತಿರುತ್ತೇನೆ, ಮಾತು ತಾನಾಗಿ ಹೊರಡುತ್ತದೆ.

ಈ ಅವಧಿಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ್ದು ಏಳನೆಯ ತರಗತಿಯ ಒಬ್ಬ ಹುಡುಗನ ಓದು. ಜಮಖಾನದ ಅಂಚಿನಲ್ಲಿ ಕುಳಿತು, ದಪ್ಪ ಪುಸ್ತಕವೊಂದನ್ನು ತೆರೆದಿಟ್ಟುಕೊಂಡು, ಪುಟ ಮಾತ್ರ ಮಗುಚುತ್ತಿದ್ದ ಆತನಿಗೆ ಕಾಗುಣಿತದವರೆಗೆ ತೊಡಕಿರಲಿಲ್ಲ, ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಿದ್ದ. ತೆಳುವಾದ ಪುಸ್ತಕ ಕೊಟ್ಟರೆ ಓರಗೆಯವರ ಮುಂದೆ ನಾಚಿಕೆ. ಆದ್ದರಿಂದ ಎರಡನೆಯ ತರಗತಿಯ ಮೂವರಿಗೆ ಓದಿ ಹೇಳುವ ಹೊಣೆಯನ್ನು ಅವನಿಗೆ ವಹಿಸಿದೆವು. ಚಿಕ್ಕವರಿಗಾಗಿ ಎಂದಾಗ ಸುಲಭದ ಪುಸ್ತಕ ಹಿಡಿಯಲು ಅವನಿಗೆ ಸಂಕೋಚವಿರಲಿಲ್ಲ. ಇದಕ್ಕೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣ ನೆರವಾಯಿತು: ಅಲ್ಲಿನ ಕಥೆಗಳು ಓದಿನ ನಾಲ್ಕು ಹಂತಗಳಲ್ಲಿ ದೊರೆಯುತ್ತವೆ, ಮುಕ್ತ ಪರವಾನಗಿ ಇರುವುದರಿಂದ ಮುದ್ರಿಸಿಕೊಳ್ಳಲು ಅಡ್ಡಿಯಿಲ್ಲ. ಹಾಳೆಗಳನ್ನು ಗುರುವಾರವೇ ಅವನಿಗೆ ತಲುಪಿಸುತ್ತಿದ್ದೆ. ಎರಡು ದಿನ ಮನೆಯಲ್ಲಿ ಓದಿಕೊಂಡು ಬರುತ್ತಿದ್ದ.

ಅಕ್ಟೋಬರ್‌ನ ಒಂದು ಶನಿವಾರ ‘ಪರ್ವತ’ ಎಂಬ ಪದವನ್ನು ಪುಟ್ಟ ಹುಡುಗಿಯೊಬ್ಬಳು ‘ಪವತ’ ಎಂದು ಓದಿದಳು. ಆತ ಅರ್ಕಾವತ್ತಿನ ಮೇಲೆ ಬೆರಳಿಟ್ಟು, ‘ನೋಡು, ಬಾಲ ಹಿಂದೈತೆ, ಸದ್ದು ಮುಂದೈತೆ’ ಎಂದ. ಬರೆಯುವಾಗ ಅಕ್ಷರದ ನಂತರ ಬರುವ, ನುಡಿಯುವಾಗ ಮೊದಲೇ ಕೇಳಿಸುವ ಆ ಗುರುತನ್ನು ನಾನು ಎಷ್ಟೋ ಸಲ ವಿವರಿಸಿದ್ದರೂ ಅಷ್ಟು ಚೆನ್ನಾಗಿ ಹೇಳಿರಲಿಲ್ಲ.

ನವೆಂಬರ್‌ನಲ್ಲಿ ರಾಗಿ ಕೊಯ್ಲಿನಿಂದಾಗಿ ಹಾಜರಿ 22ರಿಂದ 9ಕ್ಕೆ ಇಳಿಯಿತು. ಸಭೆಯನ್ನು ಸಂಜೆ ಐದಕ್ಕೆ ಬದಲಾಯಿಸಿದ ಮೇಲೆ ಕೆಲವರು ಹೊಲದಿಂದ ನೇರವಾಗಿ ಬರುತ್ತಿದ್ದಾರೆ. ಪರ್ವತದ ಕಥೆಯನ್ನೇ ಮತ್ತೆ ಓದಬೇಕೆಂದು ಚಿಕ್ಕವರು ಹೇಳಿಹೋಗಿದ್ದಾರೆ. ಹಾಳೆಗಳ ಅಂಚು ಸವೆದಿರುವುದರಿಂದ ಗುರುವಾರದೊಳಗೆ ಹೊಸ ಪ್ರತಿ ಮುದ್ರಿಸಿ ಅವನ ಮನೆಗೆ ಮುಟ್ಟಿಸಬೇಕು.