ಫೋನಿಗೆ ಸಿಗುವ ಸ್ಪೀಕರ್ ಕಂಪ್ಯೂಟರಿಗೆ ಸಿಗದಿದ್ದರೆ

ಫೋನಿನಿಂದ ಸೋನೋಸ್ ಕಂಪನಿಯ ವೈಫೈ ಸ್ಪೀಕರ್ ಚೆನ್ನಾಗಿ ಹಾಡುತ್ತದೆ, ವಿಂಡೋಸ್ ಕಂಪ್ಯೂಟರಿನ ಆ್ಯಪ್ ಮಾತ್ರ ಸ್ಪೀಕರೇ ಇಲ್ಲ ಅನ್ನುತ್ತದೆ. ಹೀಗಾದಾಗ ದಯವಿಟ್ಟು ಫ್ಯಾಕ್ಟರಿ ರೀಸೆಟ್‌ಗೆ ಕೈ ಹಾಕಬೇಡಿ. ತೊಂದರೆ ಇರುವುದು ಹೆಚ್ಚಾಗಿ ಕಂಪ್ಯೂಟರಿನ ಕಡೆ.

ಆ್ಯಪ್ ತೆರೆದ ಕೂಡಲೇ 239.255.255.250 ವಿಳಾಸಕ್ಕೆ, ಯುಡಿಪಿ ಎಂಬ ಸಂದೇಶದ ಬಗೆಯಲ್ಲಿ, 1900ನೇ ಪೋರ್ಟಿನಲ್ಲಿ (ಪೋರ್ಟ್ ಎಂದರೆ ಸಂದೇಶ ಹೋಗಿಬರುವ ಅಂಕಿಯ ಬಾಗಿಲು), ‘ಯಾರಿದ್ದೀರಿ?’ ಎಂದು ಮನೆಯ ನೆಟ್‌ವರ್ಕಿಗೆಲ್ಲ ಕೂಗು ಹಾಕುತ್ತದೆ. ಸ್ಪೀಕರ್ ಓಗೊಟ್ಟರೂ ಕಂಪ್ಯೂಟರಿನ ಫೈರ್‌ವಾಲ್ (ಹೊರಗಿನಿಂದ ಬರುವುದನ್ನು ಸೋಸುವ ಕಾವಲು) ತಡೆದರೆ ಆ ಉತ್ತರ ಒಳಗೆ ಬರುವುದಿಲ್ಲ. ಮೇಜಿನ ಮೇಲೆ ಮೂರಡಿ ಅಂತರದಲ್ಲಿರುವ ಎರಡು ಯಂತ್ರಗಳೂ ಮಾತಾಡಲು ಪಕ್ಕದ ಕೋಣೆಯ ರೂಟರನ್ನು ಸುತ್ತಿಕೊಂಡೇ ಬರಬೇಕಲ್ಲ, ನೆನೆದಾಗಲೆಲ್ಲ ಬೆರಗು.

ಮೊದಲು ಬ್ರೌಸರಿನಲ್ಲಿ ಸ್ಪೀಕರಿನ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದಕ್ಕಿರುವ ಅಂಕಿಗಳ ವಿಳಾಸ) ಹೊಡೆದು, ಕೋಲನ್ (:) ಹಾಕಿ 1400 ಸೇರಿಸಿ. 403 ಅಥವಾ 404 ಎರರ್ ಬಂದರೂ ಒಳ್ಳೆಯದೇ, ಸ್ಪೀಕರ್ ಉತ್ತರ ಕೊಟ್ಟಿತು ಎಂದರ್ಥ. ಸುಮ್ಮನೆ ಸುತ್ತುತ್ತಾ ಟೈಮ್‌ಔಟ್ ಆದರೆ ನಡುವೆ ಎಲ್ಲೋ ದಾರಿ ಮುಚ್ಚಿದೆ. ಕಂಪ್ಯೂಟರ್ ಗೆಸ್ಟ್ ವೈಫೈಯಲ್ಲಿ ಇದೆಯೇ ನೋಡಿ. ಅಲ್ಲಿಂದ ಮನೆಯ ಬೇರೆ ಸಾಧನಗಳು ಸಾಮಾನ್ಯವಾಗಿ ಕಾಣುವುದಿಲ್ಲ.

ಉತ್ತರ ಬಂದೂ ಆ್ಯಪ್‌ಗೆ ಸ್ಪೀಕರ್ ಸಿಗದಿದ್ದರೆ, ವೈಫೈ ಪ್ರಾಪರ್ಟೀಸ್‌ನಲ್ಲಿ ನೆಟ್‌ವರ್ಕ್ ‘ಪಬ್ಲಿಕ್’ ಎಂದಿರುವುದನ್ನು ‘ಪ್ರೈವೇಟ್’ ಮಾಡಿ. ಫೈರ್‌ವಾಲ್ ಪಟ್ಟಿಯಲ್ಲಿ ಆ್ಯಪ್ ಎದುರು ಪ್ರೈವೇಟ್ ಟಿಕ್ ಇರಲಿ. ಫೈರ್‌ವಾಲನ್ನೇ ಪೂರ್ತಿ ಆಫ್ ಮಾಡುವುದು ಬೇಡ. ವಿಪಿಎನ್ (ಇಂಟರ್ನೆಟ್ ಸಂಪರ್ಕವನ್ನು ಬೇರೆ ದಾರಿಯಲ್ಲಿ ಕಳಿಸುವ ಸಾಫ್ಟ್‌ವೇರ್) ಇದ್ದರೆ ನಿಲ್ಲಿಸಿ. ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ) ಸಾಫ್ಟ್‌ವೇರ್ ಹಾಕಿದ್ದರೆ ಅದರ ನೆಟ್‌ವರ್ಕ್ ಅಡಾಪ್ಟರನ್ನೂ ಡಿಸೇಬಲ್ ಮಾಡಿ. ಕೂಗು ಕೆಲವೊಮ್ಮೆ ಆ ಕಡೆಗೇ ಹೋಗಿಬಿಡುತ್ತದೆ. ಪ್ರತಿ ಬದಲಾವಣೆ ಆದಮೇಲೂ ಆ್ಯಪ್ ಪೂರ್ತಿ ಮುಚ್ಚಿ ತೆರೆಯಿರಿ.