ಗೆರ್ನಿಕಾ ನೋಡಲು ಹೋಗುವವರು ಮೊದಲು ಪಕ್ಕದ ಕೋಣೆಗೆ ಹೋಗಿ

ಮ್ಯಾಡ್ರಿಡ್‌ನ ರೈನಾ ಸೋಫಿಯಾ ಮ್ಯೂಸಿಯಂಗೆ ಹೋಗುವ ಬಹಳಷ್ಟು ಜನರಿಗೆ ಬೇಕಾಗಿರುವುದು ಒಂದೇ ಚಿತ್ರ, ಪಿಕಾಸೊನ ಗೆರ್ನಿಕಾ. ಸೀದಾ ಎರಡನೇ ಮಹಡಿಗೆ ಹೋಗಿ, ಫೋಟೊ ಹೊಡೆದು, ಇಳಿದು ಬಂದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಮೊದಲು ಓಡಾಟದ ವಿಷಯ ಮುಗಿಸುತ್ತೇನೆ. ಅತೋಚಾ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು. ಮಂಗಳವಾರ ರಜೆ. ಬೆಳಿಗ್ಗೆ 10ರಿಂದ ರಾತ್ರಿ 9ರವರೆಗೆ ತೆರೆದಿರುತ್ತದೆ, ಭಾನುವಾರ ಮಾತ್ರ ಮಧ್ಯಾಹ್ನ 2:30ಕ್ಕೇ ಬಾಗಿಲು ಹಾಕುತ್ತಾರೆ. ಟಿಕೆಟ್ 12 ಯೂರೊ. ಸಂಜೆ 7ರ ನಂತರ ಪುಕ್ಕಟೆ ಬಿಡುತ್ತಾರೆ, ಆದರೆ ಆಗ ಜನ ಜಾಸ್ತಿ. ಕ್ಯೂನಲ್ಲಿ ಹೋದ ಸಮಯ ಕಳೆದರೆ ನೋಡಲು ಉಳಿಯುವುದೆಷ್ಟು? ನನ್ನನ್ನು ಕೇಳಿದರೆ, ದುಡ್ಡು ಕೊಟ್ಟು ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಸಮಯ, ದರ ಬದಲಾಗಿದೆಯೇ ಎಂದು ಹೊರಡುವ ಮುನ್ನ ಒಮ್ಮೆ ನೋಡಿಕೊಳ್ಳಿ.

1937ರ ಏಪ್ರಿಲ್ 26ರಂದು ಸ್ಪೇನ್ ಅಂತರ್ಯುದ್ಧದ ನಡುವೆ, ಜರ್ಮನಿ, ಇಟಲಿಯ ವಿಮಾನಗಳು ಸರ್ಕಾರದ ವಿರುದ್ಧ ಬಂಡೆದ್ದ ಸೇನಾನಾಯಕ ಫ್ರಾಂಕೊ ಪರವಾಗಿ ಸ್ಪೇನ್‌ನದೇ ಗೆರ್ನಿಕಾ ಪಟ್ಟಣದ ಮೇಲೆ ಬಾಂಬು ಸುರಿದವು. ಪ್ಯಾರಿಸ್ ವಸ್ತುಪ್ರದರ್ಶನದ ಸ್ಪೇನ್ ಮಂಟಪಕ್ಕೆ ಚಿತ್ರ ಬರೆಯಲು ಒಪ್ಪಿಕೊಂಡಿದ್ದ ಪಿಕಾಸೊಗೆ ಅಲ್ಲಿಯವರೆಗೆ ವಿಷಯ ಗಟ್ಟಿಯಾಗಿರಲಿಲ್ಲ. ಸುದ್ದಿ ಬಂದ ಮೇಲೆ ಸುಮಾರು ಐದು ವಾರಗಳಲ್ಲಿ ಚಿತ್ರ ಮುಗಿಯಿತು.

ಆ ಮಂಟಪದ ಪುಟ್ಟ ಮಾದರಿ ಮ್ಯೂಸಿಯಂನಲ್ಲಿ ಚಿತ್ರದ ಹತ್ತಿರವೇ ಇದೆ. ಅದಕ್ಕಿಂತ ಮುಖ್ಯ, ಚಿತ್ರ ಬೆಳೆಯುತ್ತಿದ್ದಾಗ ಪಿಕಾಸೊನ ಸಂಗಾತಿ, ಛಾಯಾಗ್ರಾಹಕಿ ಡೋರಾ ಮಾರ್ ತೆಗೆದ ಫೋಟೊಗಳು. ಅವನ್ನು ಸಾಲಾಗಿ ನೋಡಿ. ಮೊದಲ ಹಂತದಲ್ಲಿ ಕೆಳಗೆ ಬಿದ್ದ ಯೋಧ ಮುಷ್ಟಿ ಬಿಗಿದು ಕೈ ಎತ್ತಿದ್ದಾನೆ. ಆಮೇಲೆ ಆ ಮುಷ್ಟಿಯಲ್ಲಿ ತೆನೆಗಳು ಬರುತ್ತವೆ. ಕೊನೆಗೆ ಯೋಧನ ಆ ಎತ್ತಿದ ಕೈಯೇ ಇಲ್ಲ! ಪ್ರತಿಭಟನೆ ಎಂದರೆ ಎತ್ತಿದ ಮುಷ್ಟಿ ಅಲ್ವಾ? ಪಿಕಾಸೊ ಅದನ್ನೇ ಅಳಿಸಿಹಾಕಿದ. ಇಷ್ಟು ನೋಡಿಕೊಂಡು ದೊಡ್ಡ ಚಿತ್ರದ ಮುಂದೆ ಬನ್ನಿ. ಅದರಲ್ಲಿ ವಿಮಾನ ಇಲ್ಲ, ಬಾಂಬ್ ಇಲ್ಲ, ಯಾವ ಪಕ್ಷದ ಬಾವುಟವೂ ಇಲ್ಲ. ಸತ್ತ ಮಗುವನ್ನು ಹಿಡಿದು ಕಿರುಚುವ ತಾಯಿ ಇದ್ದಾಳೆ. ಯಾವ ಯುದ್ಧ ನಡೆದರೂ ಜನ ಪ್ರತಿಭಟನೆಗೆ ಈ ಚಿತ್ರದ ಪ್ರತಿಯನ್ನೇ ಬೀದಿಗೆ ತರುವುದು ಇದಕ್ಕೇ ಇರಬೇಕು ಅನ್ನಿಸಿತು.

ಚಿತ್ರದ ಅಗಲ 7.77 ಮೀಟರ್. ಮೊದಲು ದೂರ ನಿಲ್ಲಿ, ಆಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಿರಿ. 2023ರಿಂದ ಫೋಟೊ ತೆಗೆಯಲು ಬಿಡುತ್ತಿದ್ದಾರೆ, ಫ್ಲ್ಯಾಶ್, ಸೆಲ್ಫಿ ಸ್ಟಿಕ್ ಮಾತ್ರ ಬೇಡ. ಸುಮ್ನೆ ಒಂದೆರಡು ತೆಗೆದು ಫೋನ್ ಒಳಗಿಡಿ.

ಇನ್ನೊಂದು ದಿನ ಕೈಯಲ್ಲಿದ್ದರೆ ಹತ್ತಿರದ ಪ್ರಾಡೊ ಮ್ಯೂಸಿಯಂನಲ್ಲಿ ಸ್ಪೇನ್‌ನ ಹಳೆಯ ಚಿತ್ರಕಾರ ಗೋಯಾನ ‘1808ರ ಮೇ 3’ ನೋಡಿ, ನೆಪೋಲಿಯನ್‌ನ ಸೈನಿಕರು ಮ್ಯಾಡ್ರಿಡ್‌ನ ಜನರನ್ನು ಗುಂಡಿಟ್ಟು ಕೊಲ್ಲುವ ಚಿತ್ರ ಅದು. ಗುಂಡಿಗೆ ಎದೆಯೊಡ್ಡಿ ಎರಡೂ ಕೈ ಎತ್ತಿದ ಬಿಳಿ ಅಂಗಿಯವನು, ನೆಲದ ಮೇಲಿನ ಲಾಂದ್ರ. ಗೆರ್ನಿಕಾದಲ್ಲೂ ಎತ್ತಿದ ಕೈಗಳಿವೆ, ದೀಪವಿದೆ. ಸಾಧ್ಯವಾದರೆ ಗೋಯಾನನ್ನೇ ಮೊದಲು ನೋಡಿ. ಪ್ರಾಡೊ ಮಂಗಳವಾರವೂ ತೆರೆದಿರುತ್ತದೆ, ಹಾಗಾಗಿ ಮಂಗಳವಾರ ಅಲ್ಲಿಗೆ, ಬುಧವಾರ ಬೆಳಿಗ್ಗೆ ಇಲ್ಲಿಗೆ ಎಂದು ಇಟ್ಟುಕೊಂಡರೆ ಸರಿಹೋಗುತ್ತದೆ.